ನಾಲ್ಕನೆಯ ಪ್ರತಿ

ಗಂಗಾವತಿ
೩ ಜುಲೈ ೧೯೭೮

ಗೆಳೆಯ ಬಾಬಾಸಾಬ,

ಬಸ್ಸಿನ ಡ್ರೈವರನ ಕೈಯಲ್ಲಿ ನೀನು ಕೊಟ್ಟ ಚೀಟಿ ಮುಟ್ಟಿತು. ಅದರೊಳಗಿನ ಬೈಗುಳವೂ ಮುಟ್ಟಿತು. ಮುದಕಮ್ಮ ತೀರಿಕೊಂಡಳೆಂದು ಓದಿದ ಮೇಲೆ ಮಧ್ಯಾಹ್ನದ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ನೀನು ಅವಳ ಫೈಲು ಕೇಳಿದಾಗ ನಾನು ಕೊಡಲಿಲ್ಲ ಎಂದು ತಿಳಿಯಬೇಡ. ಅದು ನನ್ನ ಹತ್ತಿರ ಇರಲೇ ಇಲ್ಲ. ಮುದುಕಿ ಮಗಳ ಮನೆಗೆಂದು ಕುಷ್ಟಗಿಗೆ ಹೋದಾಗ ನಮ್ಮ ದವಾಖಾನೆಯ ಅಲ್ಲಿಯ ಶಾಖೆಯವರು ತರಿಸಿಕೊಂಡಿದ್ದರು, ತಿರುಗಿ ಕಳಿಸಿರಲಿಲ್ಲ. ಅವರು ಕಳಿಸುವ ಹೊತ್ತಿಗೆ ಹಳ್ಳ ತುಂಬಿ ಬಸ್ಸು ನಿಂತಿತು. ಫೈಲು ನೋಡದೆ ಸೂಜಿ ಹಾಕಬಾರದೆಂಬ ನಿಯಮಕ್ಕೆ ನೀನು ಕೈ ಕಟ್ಟಿ ಕುಳಿತೆ. ತಪ್ಪು ನಿನ್ನದಲ್ಲ, ನನ್ನದೂ ಅಲ್ಲ. ಇರುವುದು ಒಂದು ಫೈಲು, ಕೇಳುವವರು ನಾಲ್ಕು ಊರಿನವರು.

ನಿನ್ನೆ ಮ್ಯಾನೇಜರು ನನ್ನನ್ನು ಕರೆದಿದ್ದರು. "ವಿರುಪಣ್ಣ, ನಮ್ಮ ಕ್ಷಯದ ಮಂದಿ ಒಂದ ಊರಾಗ ನಿಲ್ಲಂಗಿಲ್ಲ. ನಾಟಿಗೆ ಇಲ್ಲಿಗೆ ಬರತಾರ, ಜ್ವಾಳದ ಸುಗ್ಗಿಗೆ ಅಲ್ಲಿಗೆ ಹೋಗತಾರ. ಅವರ ಹಿಂದ ಫೈಲು ಓಡಸೂದು ಬಿಟ್ಟು ಬ್ಯಾರೆ ದಾರಿ ಐತೇನು?" ಐತ್ರಿ ಎಂದೆ. ಪ್ರತಿ ಫೈಲನ್ನೂ ಕಾರ್ಬನ್ ಇಟ್ಟು ನಾಲ್ಕು ಪ್ರತಿ ಬರೆಯುವುದು. ಮೂಲ ಇಲ್ಲಿ ನಮ್ಮ ದೊಡ್ಡ ದವಾಖಾನೆಯಲ್ಲಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಶಾಖೆಗಳಿಗೆ ಒಂದೊಂದು ನಕಲು. ರೋಗಿ ಎಲ್ಲಿಗೆ ಹೋದರೂ ಅವನ ಕಾಗದ ಅಲ್ಲಿ ಮೊದಲೇ ಹೋಗಿ ಕುಳಿತಿರುತ್ತದೆ. ನಿನಗೆ ಹೇಗೆ ಕಾಣುತ್ತದೆ, ಬರೆ.

ಇನ್ನೊಂದು ಮಾತು. ಶಾಂತಕ್ಕನಿಗೂ ಅದೇ ರೋಗವೆಂದು ಮೊನ್ನೆ ಎಕ್ಸ್‌ರೇ ನೋಡಿ ಹೇಳಿದರು. ಗಂಡನ ಮನೆ ನಿಮ್ಮ ಊರಲ್ಲೇ ಇದೆಯಲ್ಲ, ನಿನ್ನ ಹತ್ತಿರವೇ ಸೂಜಿ ಹಾಕಿಸಿಕೊಳ್ಳುತ್ತಾಳೆ. ಅವ್ವ ಹೋದಾಗಿನಿಂದ ನನಗೆ ಅವ್ವ ಅವಳೇ ಎಂಬುದು ನಿನಗೆ ಗೊತ್ತು. ಮಡಿಲಲ್ಲಿ ಸಣ್ಣ ಗಾಳೆಮ್ಮ ಬೇರೆ. ಅಕ್ಕನನ್ನು ನಿನ್ನ ಕೈಯಲ್ಲಿ ಹಾಕಿದ್ದೇನೆ.

ನಿನ್ನ ವಿರುಪಣ್ಣ


ಯಲಬುರ್ಗಾ
೧೪ ಜುಲೈ ೧೯೭೮

ಲೇ ವಿರುಪ್ಯಾ,

ಅಕ್ಕ ಬಂದಿದ್ದಳು. ಮೊದಲನೆಯ ಸೂಜಿಗೆ ಅವಳು ಅಳಲಿಲ್ಲ, ತೊಡೆಯ ಮೇಲಿದ್ದ ಗಾಳೆಮ್ಮ ಅತ್ತಳು. "ನಿನಗಲ್ಲಬೇ, ನಿಮ್ಮವ್ವಗ" ಎಂದು ನಮ್ಮ ಸಿಪಾಯಿ ಕನಕಪ್ಪ ಬೆಲ್ಲ ಕೊಟ್ಟು ಸುಮ್ಮನಾಗಿಸಿದ. ಈ ಶಾಖೆ ಎಂದರೆ ಸೂಜಿ ಹಾಕುವ ನಾನು, ಬಾಗಿಲು ತೆಗೆಯುವ ಅವನು. ಇಬ್ಬರೂ ಅಕ್ಕನನ್ನು ನೋಡಿಕೊಳ್ಳುತ್ತೇವೆ.

ನಿನ್ನ ನಾಲ್ಕು ಪ್ರತಿಯ ವಿಚಾರ ನನಗೆ ಸೇರಲಿಲ್ಲ. ಹುಲಿಹೈದರದ ಸಾಲಿ ಮರೆತೆಯೇನು? ನೀನು ನನ್ನ ಪಾಟಿ ನೋಡಿ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಒಮ್ಮೆ ನಾನು ತಪ್ಪು ಮಾಡಿ, ಉಗುಳು ಹಚ್ಚಿ ಅಳಿಸಿ ತಿದ್ದಿದೆ. ನೀನು ಆಗಲೇ ಬರೆದುಕೊಂಡು ಮಾಸ್ತರರ ಮುಂದೆ ನಿಂತಿದ್ದೆ. ಏಟು ಬಿದ್ದದ್ದು ನಿನಗೆ. "ಬಾಬ್ಯಾನ ಪಾಟ್ಯಾಗ ಹಿಂಗ ಇತ್ರಿ" ಎಂದು ಅತ್ತೆ. ಇತ್ತು ನಿಜ. ನೀನು ನೋಡಿದಾಗ ಇತ್ತು.

ನಾನು ಹೇಳುವುದು ಇಷ್ಟು. ಫೈಲು ಒಂದೇ ಇರಲಿ. ಬೇಕಾದವರು ತರಿಸಿಕೊಂಡು, ಬೇಕಾದಷ್ಟು ಬರೆದಿಟ್ಟುಕೊಂಡು, ಮೂಲವನ್ನು ಮರುದಿನದ ಬಸ್ಸಿಗೇ ಹಿಂದಕ್ಕೆ ಕಳಿಸಲಿ. ಬರೆದಿಟ್ಟುಕೊಂಡದ್ದನ್ನು ಕಣ್ಣು ಮುಚ್ಚಿ ನಂಬಬಾರದು. ನಾಳೆ ಬರುವ ರೋಗಿಗಳ ಹೆಸರನ್ನು ಮುಂಜಾನೆಯ ಡ್ರೈವರನ ಕೈಗೆ ಕೊಡುತ್ತೇನೆ. ನೀನು ಮೂಲ ನೋಡಿ, ಏನಾದರೂ ಬದಲಾಗಿದೆಯೋ ಇಲ್ಲವೋ ಎಂದು ಬರೆದು ಸಂಜೆಯ ಬಸ್ಸಿಗೆ ಕೊಡು. ಹಳ್ಳ ಬಂದು ಬಸ್ಸು ನಿಂತ ದಿನ, ನನ್ನ ಹತ್ತಿರ ಇದ್ದದ್ದನ್ನೇ ನೋಡಿ ಕೆಲಸ ನಡೆಸುತ್ತೇನೆ, ಮುದಕಮ್ಮನಂಥವರು ಬರಿಗೈಯಲ್ಲಿ ತಿರುಗಿ ಹೋಗುವುದಿಲ್ಲ. ಆದರೆ ಬಸ್ಸು ಬಂದ ದಿನ ಕೇಳದೆ ಸೂಜಿ ಎತ್ತುವುದಿಲ್ಲ.

ಕೆಲಸ ಹೆಚ್ಚಾಗುತ್ತದೆ ಎನ್ನುತ್ತೀಯ. ಆಗುತ್ತದೆ. ಕೇಳುವುದೂ ಒಂದು ಕೆಲಸವೇ.

ನಿನ್ನ ಪಾಟಿಯ ಗೆಳೆಯ
ಬಾಬಾಸಾಬ


ಗಂಗಾವತಿ
೨೦ ಆಗಸ್ಟ್ ೧೯೭೮

ಬಾಬಾಸಾಬ,

ನಿನ್ನ ಪತ್ರವನ್ನು ಮ್ಯಾನೇಜರಿಗೆ ಓದಿ ಹೇಳಿದೆ. "ಮುಂಜಾನಿ ಕೇಳೂದು, ಸಂಜಿಗೆ ಹೇಳೂದು, ಇದೇನು ದವಾಖಾನ್ಯೋ ಬೀಗರ ಮನಿಯೋ?" ಎಂದು ನಕ್ಕರು. ನಾನೂ ನಕ್ಕೆ. ಸಿಟ್ಟಾಗಬೇಡ, ಅವರ ಎದುರಿಗೆ ನಿಂತಿದ್ದೆ.

ನಕಲಿನ ಕೆಲಸವೇ ಗಟ್ಟಿಯಾಯಿತು. ಒಂದು ತಿಂಗಳಿನಿಂದ ಬರೆಯುತ್ತಿದ್ದೇನೆ. ಬೆರಳಿಗೆ ಹತ್ತಿದ ಕಾರ್ಬನ್ ಮಸಿ ಅನ್ನಕ್ಕೂ ಹತ್ತುತ್ತದೆ. ಅಕ್ಕನ ಫೈಲನ್ನು ಎಲ್ಲಕ್ಕಿಂತ ಮೊದಲು ಬರೆದೆ, ಒತ್ತಿ ಒತ್ತಿ ಬರೆದೆ. ಮೂಲದಲ್ಲಿ ಡಾಕ್ಟರು ಏನಾದರೂ ಬದಲು ಮಾಡಿದರೆ ಹಳದಿ ಚೀಟಿ ಬರೆದು ಶಾಖೆಗಳಿಗೆ ಕಳಿಸುತ್ತೇನೆ. ನೀನು ಅದನ್ನು ನಕಲಿನ ಮೇಲೆ ಅಂಟಿಸಿ, ಮುಟ್ಟಿತೆಂದು ಸಹಿ ಮಾಡಿ ಕಳಿಸಬೇಕು.

ಇನ್ನು ಮೇಲೆ ಯಾವುದನ್ನೂ ಕೇಳಿ ಕಳಿಸಬೇಡ. ನಕಲಿನಲ್ಲಿ ಇದ್ದದ್ದೇ ಮೂಲದಲ್ಲಿದೆ ಎಂದು ತಿಳಿ. ಚೀಟಿ ಬರಲಿಲ್ಲವೆಂದರೆ ಏನೂ ಬದಲಾಗಿಲ್ಲ ಎಂದೇ ಅರ್ಥ. ರೋಗಿಗಳು ಸೂಜಿಗೆ ಹೆದರಿ ನೂರೆಂಟು ನೆವ ಹೇಳುತ್ತಾರೆ, ಅವರ ಬಾಯಿ ನಂಬಬೇಡ, ಕಾಗದ ನಂಬು. ಇದು ಮ್ಯಾನೇಜರು ಹೇಳಿ ಬರೆಸಿದ ಮಾತು. ನನ್ನ ಮಾತೂ ಅದೇ.

ಮಸಿಗೈಯ
ವಿರುಪಣ್ಣ


ಯಲಬುರ್ಗಾ
೫ ಸೆಪ್ಟೆಂಬರ್ ೧೯೭೮

ವಿರುಪಣ್ಣ,

ನಕಲುಗಳ ಗಂಟು ಬಂತು. ನೀನು ಮೇಲೆ ಒತ್ತಿಯೇ ಬರೆದಿದ್ದೀಯ, ಆದರೆ ನಾಲ್ಕನೆಯ ಪ್ರತಿಗೆ ಬರುವಷ್ಟರಲ್ಲಿ ನಿನ್ನ ಕೈ ಸೋತಿದೆ. ಕೊಪ್ಪಳದವರಿಗೆ ಎರಡನೆಯದು, ಕುಷ್ಟಗಿಯವರಿಗೆ ಮೂರನೆಯದು, ನಮಗೆ ಕಡೆಯದು. ಎರೆನೆಲದವರಿಗೆ ನೀರೂ ಕಡೆಗೆ, ಮಸಿಯೂ ಕಡೆಗೆ. ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದು ಓದುತ್ತೇನೆ.

ಆದರೂ ನ್ಯಾಯದ ಮಾತು ಹೇಳುತ್ತೇನೆ. ಹೋದ ವಾರ ಮಳೆಗೆ ಬಸ್ಸು ಬರಲಿಲ್ಲ. ಬಂದ ರೋಗಿಗಳು ಯಾರೂ ತಿರುಗಿ ಹೋಗಲಿಲ್ಲ. ಎಲ್ಲರ ಕಾಗದವೂ ಪೇಟಿಯಲ್ಲಿತ್ತು. ಆ ದಿನ ಮುದಕಮ್ಮನನ್ನು ನೆನೆದೆ, ನೀನು ಹೇಳಿದ್ದೇ ಖರೆಯೇನೋ ಅನ್ನಿಸಿತು.

ಅಕ್ಕನ ಕೆಮ್ಮು ಇಳಿದಿದೆ. ಮೊನ್ನೆ ಅವಳ ನಕಲನ್ನು ಕೈಗೆ ತೆಗೆದುಕೊಂಡು, ಪಕ್ಕದಲ್ಲಿ ಕುಳಿತ ಹೆಂಗಸರಿಗೆ ತೋರಿಸಿದಳು. "ನಮ್ಮ ತಮ್ಮ ಬರದದ್ದು. ನೋಡ್ರಿ, ಅಕ್ಷರ ಹೆಂಗ ಸಾಲ ಹಿಡದು ಕುಂತಾವ" ಎಂದಳು. ಅವರಿಗೆ ಓದು ಬರುವುದಿಲ್ಲ, ಆದರೂ ನೋಡಿದರು.

ಕಳೆ ತೆಗೆಯುವ ಕೆಲಸಕ್ಕೆ ಗಂಡನ ಜೊತೆ ನಿಮ್ಮ ಕಡೆ ಬರುತ್ತಾಳಂತೆ. ಬೇಡವೆಂದೆ, ಕೇಳಲಿಲ್ಲ. ಅಲ್ಲಿರುವಷ್ಟು ದಿನ ದೊಡ್ಡ ದವಾಖಾನೆಯಲ್ಲೇ ಸೂಜಿ ಹಾಕಿಸು. ಗದ್ದೆಯ ನೀರಿಗೆ ಇಳಿಯಲು ಬಿಡಬೇಡ.

ಬಿಸಿಲಿಗೆ ನಿಂತವನು
ಬಾಬಾಸಾಬ


ಗಂಗಾವತಿ
೫ ಅಕ್ಟೋಬರ್ ೧೯೭೮

ಬಾಬಾಸಾಬ,

ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ಮೈ ತುಸು ತುಂಬಿದೆ. ಆದರೆ ನಾಲ್ಕು ದಿನದಿಂದ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಆಗುತ್ತದೆ ಎನ್ನುತ್ತಾಳೆ, ಎದ್ದು ನಿಂತರೆ ಗೋಡೆ ಹಿಡಿಯುತ್ತಾಳೆ. ನಾಳೆ ಡಾಕ್ಟರಿಗೆ ತೋರಿಸುತ್ತೇನೆ. ಅವರು ಏನು ಬರೆದರೂ ಚೀಟಿ ನಿನಗೆ ಬಂದೇ ಬರುತ್ತದೆ, ಅದಕ್ಕೆಂದು ಬೇರೆ ಪತ್ರ ಹಾಕುವುದಿಲ್ಲ. ಮಾನೌಮಿ ಹಬ್ಬಕ್ಕೆ ಅವಳು ಊರಿಗೆ ಬರುತ್ತಾಳೆ.

ಅವಸರದಲ್ಲಿ
ವಿರುಪಣ್ಣ


ಯಲಬುರ್ಗಾ
೧೨ ನವೆಂಬರ್ ೧೯೭೮

ವಿರುಪಣ್ಣ,

ಇದನ್ನು ಕುಳಿತು ಓದು.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಮೊದಲು ಕೂಗಿದರೆ ತಿರುಗುತ್ತಿದ್ದಳು, ಆಮೇಲೆ ಅದೂ ಇಲ್ಲ. ಎಂಟು ದಿನದ ಹಿಂದೆ ಬಂದು ನನ್ನೆದುರು ಕುಳಿತು, "ಬಾಬಾಸಾಬ, ರೊಟ್ಟಿ ಬಡಿಯೂದು ನನಗ ಕೇಳಸವಲ್ದು. ಕೈ ಬಡೀತೈತಿ, ಸಪ್ಪಳ ಬರವಲ್ದು" ಎಂದಳು. ನಾನು ಉತ್ತರ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಅಂದೇ ನಿಯಮ ಮುರಿದು ಮೂಲ ಫೈಲು ಕೇಳಿ ಕಳಿಸಿದೆ. ನಿನ್ನೆ ಬಂತು. ಅಕ್ಟೋಬರ್ ಆರನೆಯ ತಾರೀಖು ಡಾಕ್ಟರು ಬರೆದಿದ್ದಾರೆ: ಸೂಜಿ ನಿಲ್ಲಿಸಬೇಕು, ಗುಳಿಗೆ ಮಾತ್ರ, ಕಿವಿಗೆ ಅಪಾಯವಿದೆ. ಕೆಳಗೆ ಕೆಂಪು ಗೆರೆ. ನನ್ನ ನಕಲಿನಲ್ಲಿ ಅದಿಲ್ಲ. ನನ್ನ ನಕಲಿನಲ್ಲಿ ಸೂಜಿ ದಿನಾ ಹಾಕಬೇಕು ಎಂದೇ ಇದೆ. ನಾನು ಹಾಕಿದೆ.

ಚೀಟಿ ಎಲ್ಲಿ ಹೋಯಿತೆಂದು ಪೇಟಿ ತಿರುವಿ ಹಾಕಿದೆ. ಕಡೆಗೆ ಕನಕಪ್ಪ ನೆನೆಸಿಕೊಂಡ. ನಿನ್ನ ಲಕೋಟೆ ಬಂದದ್ದು ಖಂಡೆ ಪೂಜೆಯ ದಿನ. ಅವನು ಫೈಲಿನ ಪೇಟಿಗೆ ವಿಭೂತಿ ಹಚ್ಚಿ, ದಾರ ಸುತ್ತಿ, ಮುಂದೆ ಹಲಗೆಯ ಮೇಲೆ ಕಳಸ ಇಟ್ಟಿದ್ದ. ಸೂಜಿಯ ಡಬ್ಬಿ, ಪೆನ್ನು, ಕತ್ತರಿ ಎಲ್ಲವೂ ಅಲ್ಲಿದ್ದವು. ಹೊಸ ಕಾಗದಕ್ಕೂ ಕುಂಕುಮ ಹತ್ತಲಿ ಎಂದು ಲಕೋಟೆ ಒಡೆದು ಹಳದಿ ಚೀಟಿಗಳನ್ನು ಕಳಸದ ಸುತ್ತ ಇಟ್ಟ. ನಾನು ಕೈ ಮುಂದೆ ಮಾಡಿದೆ. "ಕಳಸ ಕದಲಿಸೂತನಕ ಹಲಗಿ ಮ್ಯಾಲಿಂದು ಮುಟ್ಟಬ್ಯಾಡ್ರಿ ಸಾಬ್ರ, ನಾಳಿ ನಾನ ಕೊಡತೀನಿ" ಎಂದ. ನೀನಾಗಿದ್ದರೆ ಅವನನ್ನು ಬೈದು ತೆಗೆದುಕೊಳ್ಳುತ್ತಿದ್ದೆ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರ ಪೂಜೆಗೆ ನನ್ನಿಂದ ಕುಂದು ಬರಬಾರದು ಎಂದುಕೊಂಡೆ.

ಮರುದಿನ ಎರಡು ಚೀಟಿ ಕೊಟ್ಟ. ಬೇರೆ ರೋಗಿಗಳವು. ಅಂಟಿಸಿ ಸಹಿ ಮಾಡಿ ಕಳಿಸಿದೆ. "ಮೂರಿದ್ದೂರಿ. ಕಳಸದ ಮೂರು ಕಡಿಗೆ ಇಟ್ಟಿದ್ದೆ" ಎಂದು ಈಗ ಹೇಳುತ್ತಾನೆ. ಇನ್ನೊಂದು ಹಸಿ ಬಾಳೆ ಎಲೆಗೆ ಅಂಟಿಕೊಂಡು, ಹೂವಿನ ಜೊತೆ ಬಾವಿಗೆ ಹೋಗಿರಬೇಕು. ಹೇಳುತ್ತಾ ಹೇಳುತ್ತಾ ನೆಲದ ಮೇಲೆ ಕುಳಿತುಬಿಟ್ಟ.

ಬನ್ನಿಯ ದಿನ ಅಕ್ಕ ಬಂದು ನನ್ನ ಕೈಗೆ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಎಂದಿದ್ದಳು. ಮರುದಿನ ಸೂಜಿ ಹಾಕಲು ಹೋದಾಗ, "ಅಲ್ಲಿ ಡ್ವಾಕ್ಟರು ಸೂಜಿ ಸಾಕಂದಾರ. ಚೀಟಿ ಬಂದಿರಬೇಕು ನೋಡು" ಎಂದಳು. ನಾನು ನೋಡಿದೆ. ಅವಳ ಹೆಸರಿನ ಚೀಟಿ ಇರಲಿಲ್ಲ. ಡಾಕ್ಟರಿಗೆ ತೋರಿಸುತ್ತೇನೆ ಎಂದು ನೀನು ಬರೆದಿದ್ದೆ. ತೋರಿಸಿದ ಮೇಲೂ ಚೀಟಿ ಬಂದಿಲ್ಲವೆಂದರೆ ಏನೂ ಬದಲಾಗಿಲ್ಲ ಎಂದು ಲೆಕ್ಕ ಹಾಕಿದೆ. ನೀನು ಕಲಿಸಿದ ಲೆಕ್ಕವೇ. ನಕಲು ತೆಗೆದು ಅವಳಿಗೆ ತೋರಿಸಿದೆ. ಅವಳು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ಓದಿದಳು. "ಇದು ನಮ್ಮ ವಿರುಪಣ್ಣನ ಅಕ್ಷರ. ಅವ ಬರದದ್ದು ಸುಳ್ಳಿರಂಗಿಲ್ಲ. ಡ್ವಾಕ್ಟರ ಮನಸ್ಸ ಬದಲ ಮಾಡಿರಬೇಕು" ಎಂದು ತೋಳು ಮುಂದೆ ಮಾಡಿದಳು.

ನಾನು ಕೇಳಬೇಕಿತ್ತು. ಒಂದು ಸಲ ಕೇಳಿ ಕಳಿಸಬೇಕಿತ್ತು. ಆದರೆ ನಿನ್ನನ್ನೂ ಒಂದು ಕೇಳುತ್ತೇನೆ. ಮುಟ್ಟಿತೆಂಬ ಸಹಿ ಎರಡು ಚೀಟಿಗೆ ಬಂತು, ಮೂರನೆಯದಕ್ಕೆ ಬರಲಿಲ್ಲ. ಅದೂ ನಿನ್ನ ಅಕ್ಕನದು. ನೀನು ಯಾಕೆ ಕೇಳಲಿಲ್ಲ?

ಬಾಬಾಸಾಬ


ಗಂಗಾವತಿ
೨೪ ನವೆಂಬರ್ ೧೯೭೮

ಶ್ರೀ ಬಾಬಾಸಾಬ ಅವರಿಗೆ,

ತಮ್ಮ ಪತ್ರ ತಲುಪಿದೆ. ತಿದ್ದುಪಡಿ ಚೀಟಿಯನ್ನು ಈ ಕಚೇರಿಯಿಂದ ಸರಿಯಾಗಿ ಕಳಿಸಲಾಗಿದೆ. ಶಾಖೆಗೆ ಮುಟ್ಟಿದ ಚೀಟಿಯನ್ನು ಕಾಪಾಡುವ ಹೊಣೆ ಶಾಖೆಯದು. ಈ ಬಗ್ಗೆ ಡಿಸೆಂಬರ್ ನಾಲ್ಕರಂದು ಕೊಪ್ಪಳ ಶಾಖೆಯಲ್ಲಿ ಮ್ಯಾನೇಜರು ವಿಚಾರಣೆ ಇಟ್ಟಿದ್ದಾರೆ. ತಾವು ತಪ್ಪದೆ ಹಾಜರಿರಬೇಕು.

ಅಕ್ಕನ ವಿಷಯ ಭಾವನ ಪತ್ರದಿಂದ ಮೊದಲೇ ತಿಳಿದಿತ್ತು. ಆ ಬಗ್ಗೆ ಬರೆಯಲಾರೆ.

ವಿರುಪಣ್ಣ
ದಫ್ತರ ವಿಭಾಗ


ಯಲಬುರ್ಗಾ
೭ ಡಿಸೆಂಬರ್ ೧೯೭೮

ವಿರುಪಣ್ಣ,

ನಿನ್ನ 'ತಾವು' ಎಂಬ ಮಾತು ಮುಟ್ಟಿತು. ಅದಕ್ಕೆ ಸಹಿ ಮಾಡಿ ಕಳಿಸಬೇಕೇನು?

ಕೊಪ್ಪಳದಲ್ಲಿ ನೀನು ನನ್ನಿಂದ ಎರಡು ಕುರ್ಚಿ ಆಚೆ ಕುಳಿತಿದ್ದೆ. ಮ್ಯಾನೇಜರು ಕೇಳಿದರು, "ಪೇಷಂಟ್ ಬ್ಯಾಡ ಅಂದ ಮ್ಯಾಲೂ ಕಾಗದ ನೋಡಿ ಸೂಜಿ ಹಾಕು ಅಂತ ನಿಮಗ ಯಾರ ಹೇಳಿದ್ರು?" ನಾನು ಅವರ ಮುಖ ನೋಡಿದೆ. ಅವರಿಗೆ ನಿಜವಾಗಿಯೂ ನೆನಪಿಲ್ಲ. ಇಂಥ ಮಾತು ಹೇಳಿದವರಿಗೆ ನೆನಪಿರುವುದಿಲ್ಲ, ಕೇಳಿದವರಿಗೆ ಇರುತ್ತದೆ. ಆಮೇಲೆ ನಿನ್ನ ಕಡೆ ನೋಡಿದೆ. ನೀನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅದು ನವೆಂಬರಿನದು, ಯಾರೂ ತಿರುವಿರಲಿಲ್ಲ.

"ಒಂದ ಮಾತು ಕೇಳಾಕ ಏನ್ ಕಷ್ಟ ಇತ್ರಿ? ಬಸ್ಸು ಇರಲಿಲ್ಲೇನು?" ಎಂದರು. ನನಗೆ ನಗು ಬಂತು. ನಕ್ಕದ್ದನ್ನೂ ಬರೆದುಕೊಂಡರು.

ಕೆಲಸ ಹೋಯಿತು. ಕನಕಪ್ಪನದು ಉಳಿಯಿತು. "ಅವನು ದೇವರ ಕೆಲಸಾ ಮಾಡ್ಯಾನ" ಎಂದರು. ಉಳಿಯಲಿ. ಅವನಿಗೆ ನನ್ನಷ್ಟೇ ನೋವಿದೆ. ಹೊರಗೆ ಬಂದಾಗ ನನ್ನ ಚೀಲವನ್ನು ಅವನೇ ಹೊತ್ತು ಬಸ್ಸಿಗೆ ತಂದಿಟ್ಟ.

ಆಗಸ್ಟಿನಲ್ಲಿ ನೀನು ಬರೆದ ಪತ್ರ ಆ ದಿನ ನನ್ನ ಜೇಬಿನಲ್ಲಿತ್ತು. ಕೇಳಿ ಕಳಿಸಬೇಡ ಎಂದು ಬರೆದದ್ದು. ಮೇಜಿನ ಮೇಲೆ ಇಟ್ಟಿದ್ದರೆ ನನ್ನ ಜೊತೆ ನೀನೂ ಹೊರಗೆ ಬರುತ್ತಿದ್ದೆ. ನಾನು ಸುಮ್ಮನಿದ್ದದ್ದು ನಿನಗೋಸ್ಕರ ಅಲ್ಲ. ನೀನೂ ಬಿಟ್ಟರೆ ಅಕ್ಕನ ಗುಳಿಗೆಯ ಹಿಂದೆ ಬೀಳುವವರು ಯಾರೂ ಇರುವುದಿಲ್ಲ. ಅದಕ್ಕೆ ಜೇಬಿನಿಂದ ಕೈ ತೆಗೆದೆ.

ಆ ಪತ್ರ ಇದರ ಜೊತೆಗಿದೆ. ಮೂಲವನ್ನೇ ಕಳಿಸಿದ್ದೇನೆ. ನಕಲು ಇಟ್ಟುಕೊಂಡಿಲ್ಲ.

ಬಾಬಾಸಾಬ


ಯಲಬುರ್ಗಾ
೧೮ ಫೆಬ್ರುವರಿ ೧೯೭೯

ತಮ್ಮ ವಿರುಪಣ್ಣನಿಗೆ ಅಕ್ಕನ ಆಶೀರ್ವಾದ.

ನಿನ್ನನ್ನು ಕುಷ್ಟಗಿಗೆ ಹಾಕಿದ್ದಾರೆ, ಮೂರೂ ಶಾಖೆಗಳ ನಕಲಿಗೆ ನೀನೇ ಮೇಲಿನವನಂತೆ. ನಿನ್ನ ಭಾವ ಪಾಟಿಯ ಮೇಲೆ ಬರೆದು ತೋರಿಸಿದರು. ಈಗ ಮನೆಯಲ್ಲಿ ಮಾತೆಲ್ಲ ಪಾಟಿಯ ಮೇಲೆ. ಪಾಟಿ ತಂದುಕೊಟ್ಟವನು ಬಾಬಾಸಾಬ. ಅವನು ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾನೆ. ಪಾಟಿ ತಂದ ದಿನ ಅದರ ಮೇಲೆ, ನಾನು ಕೇಳಬೇಕಿತ್ತು ಅಕ್ಕಾ, ಎಂದು ಬರೆದು ನನ್ನ ಮುಂದೆ ಇಟ್ಟ. ನಾನು ಓದಿ ಅಂಗೈಯಿಂದ ಒರೆಸಿದೆ. ಅವನಿಗೆ ಚಹಾ ಕೊಟ್ಟೆ. ಕುಡಿದು ಹೋದ.

ನನ್ನ ಕೆಮ್ಮು ಪೂರಾ ನಿಂತಿದೆ. ಎದೆ ಚೊಕ್ಕ ಇದೆಯಂತೆ. ಎಲ್ಲರೂ ಮೇಲೆ ಕೈ ತೋರಿಸಿ, ಜೀವ ಉಳಿಯಿತಲ್ಲ ಎಂದು ಸನ್ನೆ ಮಾಡುತ್ತಾರೆ. ನಾನೂ ಕೈ ಮುಗಿಯುತ್ತೇನೆ.

ಗಾಳೆಮ್ಮ ಹಿಂದಿನಿಂದ ಕರೆಯುವುದನ್ನು ಬಿಟ್ಟಿದ್ದಾಳೆ. ಎದುರಿಗೆ ಬಂದು ನನ್ನ ಗದ್ದ ಹಿಡಿದು ತಿರುಗಿಸುತ್ತಾಳೆ. ಒಲೆಯ ಮುಂದೆ ಕುಳಿತಾಗ ನನ್ನ ಸೆರಗನ್ನು ಅವಳ ನಡುವಿಗೆ ಕಟ್ಟಿಕೊಳ್ಳುತ್ತೇನೆ, ಬಿದ್ದರೆ ತಿಳಿಯುತ್ತದೆ. ಮೊನ್ನೆ ಮೊಣಕಾಲು ತರಚಿಕೊಂಡು ಬಂದಳು. ರಕ್ತ ಸೋರುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಅತ್ತರೆ ಅವ್ವ ಬರುವುದಿಲ್ಲ ಎಂದು ಕೂಸಿಗೆ ತಿಳಿದುಬಿಟ್ಟಿದೆ.

ಸಂಕ್ರಮಣಕ್ಕೆ ನೀನು ಬಂದಿದ್ದೆ. ಕಟ್ಟೆಯ ಮೇಲೆ ಕುಳಿತು ಬಹಳ ಮಾತಾಡಿದೆ. ನಿನ್ನ ಬಾಯಿ ನಿಲ್ಲಲೇ ಇಲ್ಲ. ನಡುವೆ ಕಣ್ಣು ಒರೆಸಿಕೊಂಡೆ. ನಿನ್ನ ಭಾವ ನೆಲ ನೋಡುತ್ತಿದ್ದರು. ಪಾಟಿ ನಿನ್ನ ಪಕ್ಕದಲ್ಲೇ ಇತ್ತು, ನೀನು ಅದನ್ನು ಮುಟ್ಟಲಿಲ್ಲ. ನೀನು ಹೋದ ಮೇಲೆ, ಏನಂದ ಎಂದು ಭಾವನನ್ನು ಕೇಳಿದೆ. ಅವರು ಬಳಪ ಹಿಡಿದು ಸುಮಾರು ಹೊತ್ತು ಕುಳಿತು, 'ಏನಿಲ್ಲ' ಎಂದು ಬರೆದರು. ಏನಿಲ್ಲ ಎನ್ನುವುದಕ್ಕೆ ಅಷ್ಟು ಹೊತ್ತು ಬೇಕೇನು?

ತಮ್ಮಾ, ಅಂದು ಸೂಜಿ ಬೇಡವೆಂದು ನಾನು ಹೇಳಿದ್ದು ಖರೆ. ಕಾಗದ ನೋಡಿ ಸುಮ್ಮನಾದದ್ದೂ ಖರೆ. ಡಾಕ್ಟರ ಮಾತನ್ನು ನನ್ನ ಕಿವಿಯಾರೆ ಕೇಳಿ ಬಂದಿದ್ದೆ. ಆದರೂ ನನ್ನ ಕಿವಿಗಿಂತ ನಿನ್ನ ಅಕ್ಷರ ಹೆಚ್ಚಿನದು ಎಂದು ತಿಳಿದೆ.

ಕಟ್ಟೆಯ ಮೇಲೆ ಕುಳಿತು ಹೇಳಿದ್ದನ್ನು ಬರೆದು ಕಳಿಸು. ಪಾಟಿಯ ಮೇಲೆ ಬೇಡ, ಕಾಗದದ ಮೇಲೆ ಬರೆ. ಬೇರೆಯವರ ಕೈಯಿಂದ ಬರೆಸಬೇಡ.

ನಿನ್ನ ಅಕ್ಷರ ನನಗೆ ಗೊತ್ತು.

ಶಾಂತಕ್ಕ